ಭಾಗವತರ ಕಂಠ ಮತ್ತು ಸಭೆಯ ಅಳು: ಭಾವತೀವ್ರ ಗಾಯನವನ್ನು ಕುರಿತು

ನಮ್ಮ ಸಭೆಗಳ ಸಂಗೀತವನ್ನು ಕುರಿತು ನಡೆದಿರುವ ಚರ್ಚೆಗಳು ಬಹುಮಟ್ಟಿಗೆ ಎರಡು ಪ್ರಶ್ನೆಗಳ ಸುತ್ತಲೇ ತಿರುಗುತ್ತ ಬಂದಿವೆ. ಧಾಟಿ ಪಾಶ್ಚಾತ್ಯವಾಗಿರಬೇಕೋ ದೇಶೀಯವಾಗಿರಬೇಕೋ ಎಂಬುದು ಒಂದು. ಆರ್ಗನ್ ಸಾಕೋ, ತಬಲ ಹಾರ್ಮೋನಿಯಂಗಳೂ ಬೇಕೋ ಎಂಬುದು ಇನ್ನೊಂದು. ಈಚೆಗೆ ಕೀಬೋರ್ಡು ಮತ್ತು ಡ್ರಮ್ ಸೆಟ್ಟು ಬಂದಮೇಲೆ ಎರಡನೆಯ ಪ್ರಶ್ನೆ ಬೇರೆ ರೂಪ ತಳೆದಿದೆಯಷ್ಟೆ. ಹಾಡುವ ಕಂಠದಲ್ಲಿ ಎಷ್ಟು ಕಾವಿರಬಹುದು, ಆ ಕಾವು ಎಲ್ಲಿಂದ ಬರುತ್ತದೆ, ಅದು ಕೇಳುವವನ ಎದೆಯಲ್ಲಿ ಏನನ್ನು ಮಾಡುತ್ತದೆ ಎಂಬ ಮೂರನೆಯ ಪ್ರಶ್ನೆಯನ್ನು ನಾವು ಕೇಳಿಕೊಂಡದ್ದು ಕಡಿಮೆ. ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಸಭೆಗಳಲ್ಲಿ ಬಹುಕಾಲ ಕಳೆದ ನನಗೆ ಈ ಮೂರನೆಯದೇ ಮೊದಲನೆಯದಾಗಿ ಕಂಡಿದೆ. ಏಕೆಂದರೆ ಇಲ್ಲಿನ ನಮ್ಮ ಜನರು ಭಾನುವಾರ ಬೆಳಿಗ್ಗೆ ಒಂದು ಕಂಠದಲ್ಲಿ ಹಾಡುತ್ತಾರೆ. ವಾರದ ಉಳಿದ ದಿನಗಳಲ್ಲಿ ಅವರನ್ನು ಅಲುಗಿಸುವ ಕಂಠ ಬೇರೆಯದು.

ಆ ಬೇರೆ ಕಂಠ ಯಾವುದೆಂದು ಈ ಸೀಮೆಯವರಿಗೆ ಹೇಳಬೇಕಾಗಿಲ್ಲ. ಕೊಯ್ಲು ಮುಗಿದ ಗದ್ದೆಯಲ್ಲಿ ರಾತ್ರಿಯಿಡೀ ನಡೆಯುವ ಬಯಲಾಟದ ಭಾಗವತರ ಕಂಠ ಅದು. ಸಿನಿಮಾ ಹಾಡಿನಂತೆಯೇ, ಅದಕ್ಕಿಂತಲೂ ಹಿಂದಿನಿಂದ, ಇದು ಇಲ್ಲಿನ ಜನಪ್ರಿಯ ಸಂಗೀತ. ಅಡಕೆ ತೋಟದ ಕೂಲಿಯಾಳೂ ಕಾಲೇಜಿನ ಅಧ್ಯಾಪಕನೂ ಒಂದೇ ಪದ್ಯಕ್ಕೆ ತಲೆದೂಗುವರು. ಬಲಿಪ ಶೈಲಿ ಹೆಚ್ಚೋ ಅಗರಿ ಶೈಲಿ ಹೆಚ್ಚೋ ಎಂದು ಬಸ್ಸಿನಲ್ಲಿ ಜಗಳವಾಡುವರು. ಸುಳ್ಯ ತಾಲೂಕಿನ ಕಲ್ಮಡ್ಕದ ಪದ್ಯಾಣ ಗಣಪತಿ ಭಟ್ಟರು 2021ರಲ್ಲಿ ತೀರಿಕೊಂಡಾಗ ನಮ್ಮ ಸಭೆಯ ಹಿರಿಯರೊಬ್ಬರು ಮನೆಯವರನ್ನು ಕಳೆದುಕೊಂಡವರಂತೆ ಎರಡು ದಿನ ಮಂಕಾಗಿದ್ದುದನ್ನು ನಾನು ಕಂಡಿದ್ದೇನೆ. ಸುರತ್ಕಲ್ ಮೇಳದಲ್ಲಿ ಬಹುಕಾಲ ಹಾಡಿದ ಆ ಏರುಕಂಠವನ್ನು ಅವರು ಹರೆಯದಿಂದ ಕೇಳುತ್ತ ಬಂದವರು. ಕಡಬದ ಮದ್ದಳೆವಾದಕ ಹರಿನಾರಾಯಣ ಬೈಪಾಡಿತ್ತಾಯರನ್ನು ಮದುವೆಯಾಗಿ, ಕರ್ನಾಟಕ ಸಂಗೀತದ ಅಭ್ಯಾಸದಿಂದ ಯಕ್ಷಗಾನದ ಹಾಡಿಗೆ ಹೊರಳಿದ ಲೀಲಾವತಿ ಬೈಪಾಡಿತ್ತಾಯರು, ಗಂಡಸರ ಕಂಠಕ್ಕೆಂದೇ ಕಟ್ಟಿದ್ದ ಶ್ರುತಿಯಲ್ಲಿ, ಗಂಡಸರ ನಡುವೆ ಕುಳಿತು ದಶಕಗಳ ಕಾಲ ಹಾಡಿದರು. 2023ರಲ್ಲಿ ಅವರಿಗೆ ರಾಜ್ಯೋತ್ಸವ ಪ್ರಶಸ್ತಿ ಬಂತು. ಮರುವರ್ಷ ಅವರೂ ಅಗಲಿದರು. ಸಭೆಯ ಗಾಯನದಲ್ಲಿ ಹೆಣ್ಣಿನ ಕಂಠಕ್ಕೆ ನಾವು ಕೊಟ್ಟ ಸ್ಥಾನವನ್ನು ನೆನೆದರೆ, ಈ ಒಂದು ಸಂಗತಿ ಸ್ವಲ್ಪ ನಾಚಿಕೆ ಹುಟ್ಟಿಸತಕ್ಕದ್ದು.

ಭಾಗವತಿಕೆಯ ಭಾವಶಕ್ತಿ ಎಲ್ಲಿದೆ? ಧ್ವನಿವರ್ಧಕ ಬರುವುದಕ್ಕೆ ಮುಂಚೆ ಗದ್ದೆಯ ಆ ತುದಿಯವರಿಗೂ, ಚೆಂಡೆಯ ಸದ್ದನ್ನು ಮೀರಿ, ಪದ್ಯ ತಲುಪಬೇಕಾಗಿತ್ತು. ಆದ್ದರಿಂದ ಶ್ರುತಿ ಏರಿತು. ಸ್ವರವನ್ನು ಗಂಟಲಿನ ತುದಿಗೆ ತಂದು ಎಸೆಯುವ ಕ್ರಮ ಬೆಳೆಯಿತು. ಮೈಕು ಬಂದ ಮೇಲೂ ಆ ಎತ್ತರ ಉಳಿದುಕೊಂಡಿತು. ಅಗತ್ಯದಿಂದ ಹುಟ್ಟಿದ್ದು ಅಷ್ಟು ಹೊತ್ತಿಗೆ ಭಾವದ ಭಾಷೆಯಾಗಿಬಿಟ್ಟಿತ್ತು. ಕಂಠವು ತನ್ನ ಮೇರೆಯ ಹತ್ತಿರ ನಿಂತಿದೆ, ಇನ್ನೊಂದು ಹೆಜ್ಜೆ ಇಟ್ಟರೆ ಒಡೆಯಬಹುದು ಎಂಬ ಅರಿವು ಕೇಳುವವನ ಮೈಯಲ್ಲೂ ಬಿಗಿತವನ್ನು ಹುಟ್ಟಿಸುತ್ತದೆ. ಕರಿಯ ಜನಾಂಗದ ಸುವಾರ್ತಾಗಾಯಕಿ ಮಹಾಲಿಯಾ ಜಾಕ್ಸನ್ ಅವರ ಧ್ವನಿಮುದ್ರಿಕೆಗಳನ್ನು ಕೇಳಿದವರಿಗೆ ಇದೇ ಅನುಭವವಾದೀತು. ಆದರೆ ಇದು ಶಕ್ತಿಯ ಅರ್ಧ ಮಾತ್ರ. ಅದೂ ಕಡಿಮೆ ಮುಖ್ಯವಾದ ಅರ್ಧ.

ಹರಿಶ್ಚಂದ್ರ ಪ್ರಸಂಗದಲ್ಲಿ ಚಂದ್ರಮತಿ ಹಾವು ಕಚ್ಚಿ ಸತ್ತ ಲೋಹಿತಾಶ್ವನನ್ನು ಎತ್ತಿಕೊಂಡು ಮಸಣಕ್ಕೆ ಬರುವ ಭಾಗವನ್ನು ನೆನೆಯೋಣ. ಅಳಬೇಕಾದವಳು ಚಂದ್ರಮತಿ. ಅವಳ ವೇಷ ಧರಿಸಿದವನು ಎದುರಿಗೇ ಇದ್ದಾನೆ. ಆದರೆ ಆ ಅಳುವನ್ನು ಹಾಡುವವರು ಭಾಗವತರು. ಅವರಿಗೆ ವೇಷವಿಲ್ಲ, ಬಣ್ಣವಿಲ್ಲ. ಚೆಂಡೆ ಮದ್ದಳೆಗಳ ಜೊತೆಯಲ್ಲಿ ತಾಳ ಹಿಡಿದು ಕುಳಿತಿದ್ದಾರೆ. ಮುಖಾರಿಯಂತಹ ಶೋಕಕ್ಕೆ ಒಗ್ಗುವ ರಾಗವೊಂದನ್ನು ಹಿಡಿದು ಅವರು ಪದ್ಯದ ಅರ್ಧ ಸಾಲನ್ನು ಎತ್ತುತ್ತಾರೆ, ಬಿಡುತ್ತಾರೆ, ಮತ್ತೆ ಅದೇ ಅರ್ಧವನ್ನು ಬೇರೊಂದು ಸ್ಥಾಯಿಯಿಂದ ಹಿಡಿಯುತ್ತಾರೆ. ಅಷ್ಟು ಹೊತ್ತೂ ವೇಷಧಾರಿ ಆ ಸ್ವರದ ಕೆಳಗೆ ಅಭಿನಯಿಸುತ್ತಾನೆ. ಪದ್ಯ ಮುಗಿದ ಮೇಲೆಯೇ ಅವನಿಗೆ ಮಾತು. ದುಃಖ ಒಬ್ಬಳದು, ಕಂಠ ಇನ್ನೊಬ್ಬನದು, ಕಣ್ಣೀರು ಮೂರನೆಯವರದು. ಭಾಗವತರು ಅಳುವಂತಿಲ್ಲ, ಅವರ ಗಂಟಲು ಕಟ್ಟಿದರೆ ಪದ್ಯ ಅಲ್ಲಿಗೇ ಬಿದ್ದುಹೋಗುತ್ತದೆ. ಭಾಗವತನೇ ಮೊದಲ ವೇಷವೆಂದು ಬಲ್ಲವರು ಹೇಳುವುದುಂಟು. ಬಣ್ಣ ಹಚ್ಚದೆ ಎಲ್ಲರ ಪಾತ್ರವನ್ನೂ ಹೊರುವ ವೇಷ ಎಂದು ಅದನ್ನು ವಿವರಿಸಬಹುದು.

ಭಾರತೀಯ ಕಾವ್ಯಮೀಮಾಂಸಕರು ಇದನ್ನು ಸಾಧಾರಣೀಕರಣವೆಂದು ಕರೆದಾರು. ಕ್ರೌಂಚದ ಶೋಕ ವಾಲ್ಮೀಕಿಯಲ್ಲಿ ಶ್ಲೋಕವಾದ ಕಥೆಯನ್ನು ಎಲ್ಲರೂ ಬಲ್ಲರು, ತೀ. ನಂ. ಶ್ರೀಕಂಠಯ್ಯನವರ 'ಭಾರತೀಯ ಕಾವ್ಯಮೀಮಾಂಸೆ'ಯನ್ನು ಓದಿದವರಿಗೆ ಆ ವಿಚಾರವನ್ನು ಮತ್ತೆ ಬಿಡಿಸಬೇಕಾಗಿಲ್ಲ. ನಾನು ಹೇಳಹೊರಟಿರುವುದು ಬೇರೊಂದು ಕಡೆಯ ಮಾತು. ಕೀರ್ತನೆಗಳ ಪುಸ್ತಕದಲ್ಲಿ 'ನಾನು' ಎಂದು ಕೂಗುವವನು ಯಾರು ಎಂಬ ಪ್ರಶ್ನೆಗೆ ಸಂತ ಅಗಸ್ಟೀನನು ಕೊಟ್ಟ ಉತ್ತರವು ಭಾಗವತಿಕೆಗೆ ಬಹಳ ಹತ್ತಿರವಾದುದು. ಅವನ ಪ್ರಕಾರ ಅಲ್ಲಿ ಹಾಡುವವನು ಇಡೀ ಕ್ರಿಸ್ತನು, ಶಿರಸ್ಸೂ ದೇಹವೂ ಕೂಡಿದವನು. ಶಿರಸ್ಸು ದೇಹದ ನೋವನ್ನು ತನ್ನದೆಂದು ಹಾಡುತ್ತದೆ. ದೇಹದ ಒಂದು ಅಂಗ ಇನ್ನೊಂದು ಅಂಗದ ನೋವನ್ನು ತನ್ನದೆಂದು ಹಾಡುತ್ತದೆ. ಕತ್ತಲೆಯಲ್ಲೇ ಕೊನೆಗೊಳ್ಳುವ 88ನೆಯ ಕೀರ್ತನೆಯನ್ನು ಆರೋಗ್ಯವಂತನಾದ ನಾನು ಓದುವಾಗ ಸುಳ್ಳಾಡುತ್ತಿಲ್ಲ. ಆಸ್ಪತ್ರೆಯ ಮಂಚದಲ್ಲಿ ಮಾತು ನಿಂತುಹೋದವನ ಪದ್ಯವನ್ನು ನಾನು ಎತ್ತಿಕೊಂಡಿದ್ದೇನೆ. ರೋಮಾಪುರದವರಿಗೆ ಬರೆದ ಪತ್ರದ ಎಂಟನೆಯ ಅಧ್ಯಾಯದಲ್ಲಿ, ಪ್ರಾರ್ಥಿಸಲು ಅರಿಯದ ನಮಗಾಗಿ ಪವಿತ್ರಾತ್ಮನು ಮಾತಿಗೆ ಸಿಗದ ನರಳಾಟದಿಂದ ಬೇಡುತ್ತಾನೆಂದು ಅಪೊಸ್ತಲನು ಬರೆಯುವಲ್ಲಿ ಈ ವಿಚಾರ ತನ್ನ ತುದಿಯನ್ನು ಮುಟ್ಟುತ್ತದೆ.

ಇಲ್ಲೊಂದು ಆಕ್ಷೇಪಣೆಯನ್ನು ಊಹಿಸಬಹುದು. ಲೋಹಿತಾಶ್ವ ಮತ್ತೆ ಬದುಕುತ್ತಾನೆಂಬುದು ಆಟ ನೋಡುವ ಮಗುವಿಗೂ ಗೊತ್ತು. ಹಾಗಿದ್ದಮೇಲೆ ಆ ಪ್ರಲಾಪ ಬರಿಯ ಬೂಟಾಟಿಕೆಯಲ್ಲವೇ? ಹೌದೆನ್ನುವವರು ಯೋಹಾನನ ಸುವಾರ್ತೆಯ ಹನ್ನೊಂದನೆಯ ಅಧ್ಯಾಯವನ್ನು ಮತ್ತೊಮ್ಮೆ ಓದಬೇಕು. ಲಾಜರನನ್ನು ಎಬ್ಬಿಸಲೆಂದೇ ಬಂದ ಯೇಸು, ಎಬ್ಬಿಸುವ ಮುಂಚೆ ಅತ್ತನು. ಒಳ್ಳೆಯ ಭಾಗವತ ಬೆಳಗಿನ ಜಾವದ ಮಂಗಳಪದ್ಯವನ್ನು ಬಲ್ಲವನಾದರೂ ನಡುರಾತ್ರಿಯ ಪದ್ಯವನ್ನು ನಡುರಾತ್ರಿಯಲ್ಲೇ ನಿಂತು ಹಾಡುತ್ತಾನೆ. ನಮ್ಮ ಶುಭ ಶುಕ್ರವಾರದ ಆರಾಧನೆಗಳಲ್ಲಿ ಎಷ್ಟೋ ವೇಳೆ ಆಗುವುದು ಇದಕ್ಕೆ ವಿರುದ್ಧ. ಏಳು ನುಡಿಗಳ ನಾಲ್ಕನೆಯದಕ್ಕೆ ಬರುವಷ್ಟರಲ್ಲೇ ಪ್ರಸಂಗಿಗೆ ಪುನರುತ್ಥಾನದ ಅವಸರ ಹತ್ತಿಬಿಟ್ಟಿರುತ್ತದೆ.

ನಮ್ಮ ಸಭಾಗಾಯನ ಹೀಗೆ ತಣ್ಣಗಾದದ್ದು ಹೇಗೆ? ಇದಕ್ಕೆ ಮಿಷನರಿಗಳನ್ನು ದೂರಿ ಕೈತೊಳೆದುಕೊಳ್ಳುವುದು ಸುಲಭ. ಅದು ಪೂರ್ತಿ ನ್ಯಾಯವೂ ಅಲ್ಲ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ನಿನವರ ಹಿನ್ನೆಲೆ ವ್ಯುರ್ಟೆಂಬರ್ಗ್ ಸೀಮೆಯ ಭಕ್ತಿಪಂಥ. ಕಣ್ಣೀರನ್ನು ಅವರು ಕೃಪೆಯ ಗುರುತೆಂದು ಎಣಿಸಿದವರು. ಎದೆಯಲ್ಲಿ ಅಷ್ಟು ಬಿಸಿಯಿದ್ದರೂ ಅವರ ಹಾಡಿನ ಧಾಟಿ ಅಳತೆಗೋಲಿನಂತಹ ಕೊರಾಲು: ಒಂದು ಅಕ್ಷರಕ್ಕೆ ಒಂದು ಸ್ವರ, ಸಾಲಿನ ಕೊನೆಗೆ ಒಂದು ನಿಲುಗಡೆ. ಜರ್ಮನ್ ಭಾಷೆಯಲ್ಲಿ ಮಾತಿನ ಒತ್ತು ಸಂಗೀತದ ಒತ್ತಿನೊಡನೆ ಕೂಡಿಕೊಂಡು ಆ ನಡಿಗೆಗೆ ಗಾಂಭೀರ್ಯ ಬರುತ್ತದೆ. ಕನ್ನಡದ ಜೀವ ಒತ್ತಿನಲ್ಲಿಲ್ಲ, ಹ್ರಸ್ವ ದೀರ್ಘಗಳಲ್ಲಿದೆ. 'ಬಿಡು' ಬೇರೆ, 'ಬೀಡು' ಬೇರೆ. ಸಮಸಮನಾದ ಸ್ವರಗಳ ಮೇಲೆ ಕನ್ನಡವನ್ನು ಇಟ್ಟರೆ ದೀರ್ಘ ಕುಗ್ಗುತ್ತದೆ, ಹ್ರಸ್ವ ಹಿಗ್ಗುತ್ತದೆ; 'ಮರಣ' ಎಂಬ ಮೂರು ಲಘುಗಳ ಮಾತು ಸಾಲಿನ ಕೊನೆಯಲ್ಲಿ ಬಂದರೆ ಕೊನೆಯ ಅಕ್ಷರವನ್ನು ಎಳೆದು ಅದಕ್ಕೆ ಇಲ್ಲದ ಬಾಲವನ್ನು ಹಚ್ಚುತ್ತೇವೆ. ಮೂರು ನಾಲ್ಕು ತಲೆಮಾರು ಹೀಗೆ ಹಾಡಿ ಕಿವಿ ಒಗ್ಗಿಹೋಗಿದೆ; ಆ ಧಾಟಿಗಳ ಮೇಲೆ ನಮಗೆ ನಿಜವಾದ ಪ್ರೀತಿಯೂ ಇದೆ, ನನಗಂತೂ ಇದೆ. ಆದರೆ ಭಾಗವತರು ಒಂದು ದೀರ್ಘಾಕ್ಷರವನ್ನು ಹಿಡಿದು ಅದರೊಳಗೇ ಒಂದು ಬದುಕನ್ನು ತೋರಿಸುವಲ್ಲಿ, ನಾವು ಆ ಅಕ್ಷರದ ಮೇಲೆ ಕಾಲಿಟ್ಟು ಮುಂದೆ ನಡೆದುಬಿಡುತ್ತೇವೆ.

ವಿಚಿತ್ರವೆಂದರೆ, ಇದೇ ಮಿಷನರಿಗಳು ಈ ನಾಡಿನ ಹಾಡನ್ನು ಕಿವಿಗೊಟ್ಟು ಕೇಳಿದವರೂ ಹೌದು. ಹೆರ್ಮನ್ ಮೋಗ್ಲಿಂಗ್ 1850ರ ಆಸುಪಾಸಿನಲ್ಲಿ ಹರಿದಾಸರ ಪದಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದರು. ಕಿಟ್ಟೆಲ್ 1862ರಲ್ಲಿ 'ಕಥಾಮಾಲೆ'ಯನ್ನು ಪ್ರಕಟಿಸಿ ಯೇಸುವಿನ ಚರಿತ್ರೆಯನ್ನು ಈ ನೆಲದ ಪದ್ಯರೂಪಕ್ಕೆ ತಂದರು. 1886ರಲ್ಲಿ ಮೆನ್ನರ್ ತುಳುವಿನ ಪಾಡ್ದನಗಳನ್ನು ಮಂಗಳೂರಿನ ಮಿಷನ್ ಮುದ್ರಣಾಲಯದಲ್ಲೇ ಮುದ್ರಿಸಿದರು. ಮುದ್ರಣಾಲಯದ ಬಾಗಿಲಲ್ಲಿ ಸ್ವಾಗತ ಪಡೆದ ಹಾಡು ಸಭೆಯ ಬಾಗಿಲಲ್ಲಿ ನಿಂತುಕೊಂಡಿತು. ದಕ್ಷಿಣ ಕನ್ನಡದಲ್ಲಿ ಸಭೆಗೆ ಸೇರಿದವರಲ್ಲಿ ಬಿಲ್ಲವರು ಬಹುಮಂದಿ. ಕೋಟಿ ಚೆನ್ನಯರ ಪಾಡ್ದನ ಅವರ ಮನೆಯ ಹಾಡು. ಪುತ್ತೂರಿನ ಪಡುಮಲೆ, ಸುಳ್ಯ ಕಡೆಯ ಎಣ್ಮೂರು, ಇವು ಆ ಕಥೆ ಹುಟ್ಟಿದ ಮತ್ತು ಮುಗಿದ ನೆಲಗಳು. ದೈವಾರಾಧನೆಯನ್ನು ಬಿಟ್ಟವರು ಪಾಡ್ದನವನ್ನೂ ಬಿಡಬೇಕಾಯಿತು ಎಂಬುದನ್ನು ನಾನು ಅರ್ಥಮಾಡಿಕೊಳ್ಳಬಲ್ಲೆ. ಪಾಡ್ದನದೊಡನೆ ಹೋದದ್ದು ದೈವದ ಕಥೆಯೊಂದೇ ಅಲ್ಲ. ಹೆಣ್ಣೊಬ್ಬಳು ಸತ್ತವನ ಮುಂದೆ ಕುಳಿತು, ಅವನ ಹುಟ್ಟು ಬಾಳುಗಳನ್ನು ಒಂದೇ ಧಾಟಿಯಲ್ಲಿ ಹೇಳಿಕೊಂಡು ಅಳುವ ವಿಧಾನವೂ ಹೋಯಿತು. ಅದರ ಜಾಗಕ್ಕೆ ನಾವು ಪುಸ್ತಕದ ಒಂದು ನಂಬರನ್ನು ಕೊಟ್ಟೆವು.

ಈ ಮಾತನ್ನು ನಾನು ದೂರದಿಂದ ಹೇಳುತ್ತಿಲ್ಲ. ಸೇವೆಗೆ ಸೇರಿದ ಎರಡನೆಯ ವರ್ಷ, ಕುಮಾರಧಾರೆಯ ಆಚೆಯ ಒಂದು ಹಳ್ಳಿಯಲ್ಲಿ, ಸಮಾಧಿ ಆರಾಧನೆಗೆಂದು ಹೋಗಿದ್ದೆ. ಸತ್ತವನ ಹೆಂಡತಿ, ಎಪ್ಪತ್ತು ದಾಟಿದ ಹೆಂಗಸು, ನಾವು ಹಾಡು ಆರಂಭಿಸುವ ಮೊದಲೇ ತುಳುವಿನಲ್ಲಿ ತೊಡಗಿದಳು. ಮೊದಲು ಅದು ಅಳುವೆಂದೇ ತಿಳಿದೆ; ಒಂದೆರಡು ನಿಮಿಷದಲ್ಲಿ ಅದಕ್ಕೊಂದು ಧಾಟಿಯಿದೆ, ಪ್ರತಿ ಸಾಲೂ ಒಂದೇ ಕಡೆ ಇಳಿಯುತ್ತದೆ ಎಂಬುದು ತಿಳಿಯಿತು. ಗಂಡನು ತೋಡಿದ ಬಾವಿ, ಮಾರಿದ ಎಮ್ಮೆ, ಕೊಡದೆ ಹೋದ ಸೀರೆ ಎಲ್ಲವೂ ಅದರಲ್ಲಿ ಬಂದವು. ನೆರೆದವರು ಅಳತೊಡಗಿದರು. ನಾನು ಅವಳ ಬಳಿ ಹೋಗಿ, ಮೆಲ್ಲಗೆಯೇ, ನಿರೀಕ್ಷೆಯಿಲ್ಲದ ಇತರರಂತೆ ದುಃಖಿಸಬಾರದೆಂದು ಅಪೊಸ್ತಲನು ಥೆಸಲೊನೀಕದವರಿಗೆ ಬರೆದಿರುವುದನ್ನು ನೆನಪಿಸಿದೆ. ಅವಳು ಒಡನೆ ನಿಲ್ಲಿಸಿದಳು. ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆಗೆ ಒರಗಿದಳು. ನಾವು ನಾಲ್ಕು ಚರಣ ಹಾಡಿದೆವು, ಯಾರೂ ಅಳಲಿಲ್ಲ. ಆ ವಾಕ್ಯದಲ್ಲಿ ದುಃಖಿಸಬಾರದೆಂದು ಬರೆದಿಲ್ಲ, ಇತರರಂತೆ ದುಃಖಿಸಬಾರದೆಂದು ಮಾತ್ರ ಬರೆದಿದೆ ಎಂಬುದು ನನಗೆ ಹೊಳೆಯಲು ಬಹಳ ವರ್ಷಗಳು ಬೇಕಾದವು. ಅಷ್ಟರಲ್ಲಿ ಅವಳೂ ತೀರಿಕೊಂಡಿದ್ದಳು.

ಸಂಗೀತದ ಭಾವಶಕ್ತಿಯನ್ನು ಕಂಡು ಬೆದರಿದವರಲ್ಲಿ ನಾನು ಮೊದಲಿಗನಲ್ಲ ಎಂಬುದು ಒಂದು ಸಮಾಧಾನ. ಸ್ವತಃ ನುರಿತ ಸಂಗೀತಗಾರನಾಗಿದ್ದ ಜ್ವಿಂಗ್ಲಿ ಜ್ಯೂರಿಕ್ಕಿನ ಆರಾಧನೆಯಿಂದ ಹಾಡನ್ನೇ ತೆಗೆದುಹಾಕಿದನು. ಕಾಲ್ವಿನನು ತೆಗೆದುಹಾಕಲಿಲ್ಲ, ಕಡಿವಾಣ ಹಾಕಿದನು. ಲೂಥರನೊಬ್ಬನೇ ಸಂಗೀತವನ್ನು ದೈವಶಾಸ್ತ್ರದ ಪಕ್ಕದಲ್ಲೇ ಕೂರಿಸುವಷ್ಟು ಉದಾರನಾದದ್ದು. ಇವರೆಲ್ಲರಿಗಿಂತ ಹಿಂದೆ ಅಗಸ್ಟೀನನು ತನ್ನ 'ಅರಿಕೆಗಳು' ಗ್ರಂಥದ ಹತ್ತನೆಯ ಭಾಗದಲ್ಲಿ, ಹಾಡಿದ ವಿಷಯಕ್ಕಿಂತ ಹಾಡೇ ತನ್ನನ್ನು ಹೆಚ್ಚು ಅಲುಗಿಸಿದಾಗ ತಾನು ಪಾಪ ಮಾಡಿದಂತೆ ಎಂದು ಒಪ್ಪಿಕೊಳ್ಳುತ್ತಾನೆ. ಈ ಭಾಗವನ್ನು ಉದ್ಧರಿಸುವವರು ಒಂಬತ್ತನೆಯ ಭಾಗವನ್ನು ಮರೆಯುತ್ತಾರೆ. ಮಿಲಾನಿನಲ್ಲಿ ಅರಸಿಯ ಸೈನಿಕರು ದೇವಾಲಯವನ್ನು ಸುತ್ತುಗಟ್ಟಿದಾಗ, ಜನರು ದುಃಖದಿಂದ ಕುಗ್ಗಿಹೋಗಬಾರದೆಂದು ಅಂಬ್ರೋಸನು ಪೂರ್ವದೇಶದ ಸಭೆಗಳ ರೀತಿಯಲ್ಲಿ ಹಾಡುವುದನ್ನು ಕಲಿಸಿದನೆಂದು ಅಲ್ಲಿದೆ. 387ರಲ್ಲಿ ದೀಕ್ಷಾಸ್ನಾನ ಹೊಂದಿದ ಅಗಸ್ಟೀನನು ಆ ಹಾಡುಗಳನ್ನು ಕೇಳಿ ಧಾರಾಳವಾಗಿ ಅತ್ತನು. ಅತ್ತದ್ದು ತನಗೆ ಒಳ್ಳೆಯದಾಯಿತೆಂದೂ ಬರೆದಿದ್ದಾನೆ. ಮುಂದೆ ಕೀರ್ತನೆಗಳ ವ್ಯಾಖ್ಯಾನದಲ್ಲಿ ಇನ್ನೂ ಒಂದು ಹೆಜ್ಜೆ ಹೋಗುತ್ತಾನೆ. ಕೊಯ್ಲಿನಲ್ಲಿ ದುಡಿಯುವವರು ಮಾತಿನಿಂದ ಹಾಡನ್ನು ಆರಂಭಿಸಿ, ಸಂತೋಷ ಮಾತನ್ನು ಮೀರಿದಾಗ ಅಕ್ಷರಗಳನ್ನು ಬಿಟ್ಟು ಬರಿಯ ಸ್ವರಕ್ಕೆ ಹೊರಳುತ್ತಾರೆ. ಹೇಳಲಾಗದ ದೇವರನ್ನು ಸ್ತುತಿಸಲು ಅದೇ ತಕ್ಕ ರೀತಿ ಎನ್ನುತ್ತಾನೆ. ಈ ಸೀಮೆಯ ಗದ್ದೆಗಳಲ್ಲಿ ನೇಜಿ ನೆಡುವ ಹೆಂಗಸರ ಓಬೇಲೆ ಹಾಡನ್ನು ಕೇಳಿದವರು ಈ ಮಾತನ್ನು ಓದಿ ನಕ್ಕಾರು. ಹಿಪ್ಪೊವಿನ ಬಿಷಪನಿಗೆ ತಿಳಿದದ್ದು ಅವರಿಗೆ ಮೊದಲೇ ಗೊತ್ತು. ಭಾಗವತರು ಪದ್ಯದ ಮೊದಲು ಮಾತಿಲ್ಲದೆ ರಾಗವನ್ನು ಎತ್ತುವುದೂ ಅದೇ ಜಾತಿಯದು.

ಪಕ್ಕದ ಮನೆಯವರಲ್ಲೂ ಇದಕ್ಕೆ ನಿದರ್ಶನಗಳಿವೆ. ಕೇರಳದಿಂದ ಬಂದು ಕಡಬ, ನೆಲ್ಯಾಡಿಗಳ ಕಡೆ ನೆಲೆಸಿದ ಮಲಂಕರ ಪರಂಪರೆಯ ಕ್ರೈಸ್ತರು, 2007ರಿಂದ ಪುತ್ತೂರಿನಲ್ಲೇ ಸಿರೋ ಮಲಂಕರ ಧರ್ಮಪ್ರಾಂತ್ಯವೊಂದಿದೆ, ಸಿರಿಯಾದ ಪ್ರಾಚೀನ ಸಭೆಯಿಂದ ಬಂದ ಎಂಟು ಧಾಟಿಗಳ ಪದ್ಧತಿಯನ್ನು ಉಳಿಸಿಕೊಂಡಿದ್ದಾರೆ. ನಾಲ್ಕನೆಯ ಶತಮಾನದ ಎಫ್ರೇಮನು ಜನರ ಬಾಯಲ್ಲಿದ್ದ ಧಾಟಿಗಳನ್ನೇ ತೆಗೆದುಕೊಂಡು ಹೊಸ ಪದ್ಯ ಕಟ್ಟಿದನೆಂದೂ, ಹಾಡಲು ಹೆಂಗಸರ ಮೇಳಗಳನ್ನು ಕಟ್ಟಿದನೆಂದೂ ಆ ಪರಂಪರೆ ಹೇಳುತ್ತದೆ. ಕೊಂಕಣಿ ಕಥೊಲಿಕರು, ಟಿಪ್ಪುವಿನ ಕಾಲದ ಪಾದ್ರಿ ಜೊವಾಕಿಮ್ ಮಿರಾಂದರು ಗೆತ್ಸೇಮನೆಯ ಯಾತನೆಯನ್ನು ಕುರಿತು ರಚಿಸಿದರೆನ್ನುವ ಗೀತೆಯನ್ನು ತಪಸ್ಸುಕಾಲದಲ್ಲಿ ಈಗಲೂ ಹಾಡುತ್ತಾರೆ. ಇವನ್ನು ಕೇಳಿ ಕಲಿಯಲು ನಮಗೆ ಹೆಚ್ಚು ದೂರ ಹೋಗಬೇಕಾಗಿಲ್ಲ. ರಸ್ತೆ ದಾಟಿದರೆ ಸಾಕು.

ಹೀಗೆಂದಮೇಲೆ ಇನ್ನೊಂದು ದಿಕ್ಕಿಗೂ ತಿರುಗಬೇಕು. ಭಾವವನ್ನು ಹೊರಗಟ್ಟಿದ ತಪ್ಪಿಗೆ ಪ್ರಾಯಶ್ಚಿತ್ತವೋ ಎಂಬಂತೆ ಇಂದು ನಮ್ಮ ಸಭೆಗಳಿಗೆ ಭಾವದ ಪ್ರವಾಹವೇ ನುಗ್ಗಿದೆ. ಜಾತ್ರೆಯ ಗದ್ದೆಯಲ್ಲಿ, ಕ್ರಿಸ್ಮಸ್ಸಿನ ವೇದಿಕೆಯಲ್ಲಿ ನಡೆಯುವ ಸಂಗೀತ ರಸಮಂಜರಿಗಳಲ್ಲಿ ಹುಡುಗರು ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರ ಬಿಕ್ಕನ್ನೂ ನಗೆಯನ್ನೂ ಅನುಕರಿಸುತ್ತಾರೆ. ಬಾಲಸುಬ್ರಹ್ಮಣ್ಯಂ ಅವರ ದೊಡ್ಡತನವಿದ್ದದ್ದು ಮೈಕಿಗೆ ತುಟಿ ತಾಗುವಷ್ಟು ಹತ್ತಿರ ನಿಂತು, ಪರದೆಯ ಮೇಲಿನ ನಟನಿಗೆ ತಕ್ಕಂತೆ ಉಸಿರನ್ನು ಬದಲಿಸಿಕೊಳ್ಳುವುದರಲ್ಲಿ. ಅವರೂ ಒಂದು ಬಗೆಯ ಭಾಗವತರೇ: ವೇಷ ಇನ್ನೊಬ್ಬನದು, ಕಂಠ ಅವರದು. ಅನುಕರಿಸುವ ಹುಡುಗನಿಗೆ ಆ ಇನ್ನೊಬ್ಬನಿಲ್ಲ. ಬಿಕ್ಕು ಮಾತ್ರ ಇದೆ. ಸಿ. ಅಶ್ವತ್ಥರ ವಿಷಯ ಬೇರೆ. ಶಿಶುನಾಳ ಶರೀಫರ ತತ್ವಪದಗಳನ್ನು ಅವರು ಒರಟು ಗಂಟಲಿನಿಂದ, ಕೂಗುವುದಕ್ಕೂ ಹಾಡುವುದಕ್ಕೂ ನಡುವೆ ಗೆರೆಯೇ ಇಲ್ಲವೆಂಬಂತೆ ಹಾಡಿದರು. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದ 'ಕನ್ನಡವೇ ಸತ್ಯ' ಕಾರ್ಯಕ್ರಮಕ್ಕೆ ಸೇರಿದ ಜನಸಾಗರವನ್ನು ಕಂಡವರು ಅದರ ಬಲವನ್ನು ಅಲ್ಲಗಳೆಯಲಾರರು. ಆಧುನಿಕ ಕವಿಗಳ ಮೆಲುದನಿಯ ಪದ್ಯಗಳನ್ನು ಅದೇ ಏರಿನಲ್ಲಿ ಹಾಡಿದಾಗ ಕವಿತೆ ಧ್ವನಿಯ ಕೆಳಗೆ ನಲುಗುತ್ತದೆಂಬುದು ನನ್ನ ಅಭಿಪ್ರಾಯ. ಶರೀಫರಿಗೆ ಮಾತ್ರ ಅದು ಸರಿಯಾಗಿ ಹೊಂದಿತು. ತನ್ನನ್ನೇ ಮೂದಲಿಸಿಕೊಳ್ಳುವ, ಊರನ್ನು ಕೂಗಿ ಎಬ್ಬಿಸುವ ಪದಕ್ಕೆ ನಯವಾದ ಕಂಠ ಒಗ್ಗುವುದಿಲ್ಲ. ಮೃದುವಾಗಿ ಹಾಡಿಯೂ ಎದೆ ಕಲಕಬಹುದೆಂಬುದಕ್ಕೆ ಪುತ್ತೂರಿನವರೇ ಆದ ಪುತ್ತೂರು ನರಸಿಂಹ ನಾಯಕರ ದಾಸರ ಪದಗಳಿವೆ. ತೀವ್ರತೆಯೆಂದರೆ ಗಟ್ಟಿಯಾಗಿ ಹಾಡುವುದೆಂಬ ತಪ್ಪು ತಿಳಿವಳಿಕೆಯನ್ನು ಈ ಇಬ್ಬರನ್ನು ಅಕ್ಕಪಕ್ಕದಲ್ಲಿಟ್ಟು ಕೇಳಿದರೆ ಬಿಡಿಸಿಕೊಳ್ಳಬಹುದು.

ನಮ್ಮ ಸ್ತುತಿಗಾಯನದ ತಂಡಗಳಿಗೆ ಈ ಅಳತೆಯನ್ನು ಹಚ್ಚಿ ನೋಡೋಣ. ಪ್ರಾರ್ಥನೆಯ ಕೆಳಗೆ ಕೀಬೋರ್ಡಿನ ಮಂದಸ್ವರ ನಿಲ್ಲದೆ ಹರಿಯುತ್ತಿರುತ್ತದೆ. ಪಲ್ಲವಿ ನಾಲ್ಕು ಸಲವಾದ ಮೇಲೆ ಡ್ರಮ್ಮು ಒಂದು ಕ್ಷಣ ನಿಲ್ಲುತ್ತದೆ, ಮರುಕ್ಷಣ ಶ್ರುತಿ ಅರ್ಧ ಮನೆ ಏರುತ್ತದೆ, ಕೈಗಳು ಮೇಲೇಳುತ್ತವೆ. ಇದು ಪ್ರತಿ ಭಾನುವಾರ ಅದೇ ನಿಮಿಷಕ್ಕೆ ಆಗುತ್ತದೆ. ಆ ಕ್ಷಣ ಯಾರ ಕಣ್ಣಲ್ಲೂ ಬರುವ ನೀರು ಸುಳ್ಳೆಂದು ನಾನು ಹೇಳುವುದಿಲ್ಲ. ಮೈಯೆಂಬುದು ಶ್ರುತಿ ಏರಿದಾಗ ಏರುವಂತೆಯೇ ಸೃಷ್ಟಿಯಾಗಿದೆ. ಪುನರಾವೃತ್ತಿಯನ್ನೂ ನಾನು ದೂರುವುದಿಲ್ಲ. ಭಾಗವತರೂ ಅರ್ಧ ಸಾಲನ್ನು ಹತ್ತು ಸಲ ಹಾಡುತ್ತಾರೆ. ಅಬ್ಷಾಲೋಮನ ಸಾವಿನ ಸುದ್ದಿ ಕೇಳಿದ ದಾವೀದನಿಗೆ ಮಗನ ಹೆಸರನ್ನು ಮತ್ತೆ ಮತ್ತೆ ಕೂಗುವುದಲ್ಲದೆ ಬೇರೆ ಪದ್ಯ ಹೊಳೆಯಲಿಲ್ಲ. ನನ್ನ ತಕರಾರು ಆ ಹಾಡುಗಳ 'ನಾನು' ಎಂಬುವವನ ಮೇಲೆ. ಅವನು ಯಾವಾಗಲೂ ಹಾಡುವವನೇ. ಅವನು ಯಾವಾಗಲೂ ಬಿಡುಗಡೆ ಹೊಂದಿದವನೇ. ರಬ್ಬರಿನ ಬೆಲೆ ಬಿದ್ದು ಸಾಲದಲ್ಲಿರುವವನೂ, ಅಡಕೆ ಮರದಿಂದ ಬಿದ್ದು ಸೊಂಟ ಮುರಿದುಕೊಂಡವನ ಹೆಂಡತಿಯೂ ಅದೇ 'ನಾನು'ವಿನ ವೇಷ ಹಾಕಿಕೊಂಡು ಕೈ ಎತ್ತಬೇಕು. ಅವರ ಪದ್ಯವನ್ನು ಎತ್ತಿಕೊಳ್ಳುವ ಭಾಗವತ ಅಲ್ಲಿಲ್ಲ. ಕೀರ್ತನೆಗಳಲ್ಲಿ ಸುಮಾರು ಮೂರನೆಯ ಒಂದು ಭಾಗ ಪ್ರಲಾಪಗಳು. ತಂಡದವರು ಹಾಡುವ ಪಟ್ಟಿಯಲ್ಲಿ ಪ್ರಲಾಪ ಎಷ್ಟಿದೆಯೆಂದು ಒಮ್ಮೆ ಎಣಿಸಿ ನೋಡಿದರೆ ಬೆರಳುಗಳು ಮಿಗುತ್ತವೆ.

ಸಭೆಯ ಕಂಠಕ್ಕೂ ಹೊರಗಿನ ಕಂಠಕ್ಕೂ ನಡುವಿನ ಗೋಡೆಯೇನೂ ಕಲ್ಲಿನದಲ್ಲ. ಅಮೆರಿಕದಲ್ಲಿ 1954ರಲ್ಲಿ ರೇ ಚಾರ್ಲ್ಸ್ ಸುವಾರ್ತಾಗೀತೆಯ ಧಾಟಿಗೆ ಪ್ರೇಮದ ಮಾತನ್ನು ಜೋಡಿಸಿದಾಗ ಹಿರಿಯರು ಸಿಟ್ಟಾದರು. ಪ್ರಸಂಗಿಯ ಮಗಳಾದ ಅರೀಥಾ ಫ್ರಾಂಕ್ಲಿನ್ ಪ್ರೇಮಗೀತೆಗಳಿಂದ ಜಗತ್ತಿನ ಹೆಸರು ಗಳಿಸಿ, 1972ರ ಜನವರಿಯಲ್ಲಿ ಲಾಸ್ ಏಂಜಲೀಸಿನ ಒಂದು ಬ್ಯಾಪ್ಟಿಸ್ಟ್ ಸಭೆಗೆ ಬಂದು ಎರಡು ರಾತ್ರಿ ಅದೇ ಕಂಠದಲ್ಲಿ ಭಕ್ತಿಗೀತೆಗಳನ್ನು ಹಾಡಿದರು. ಆ ಕಂಠ ಹೋದದ್ದೂ ಬಂದದ್ದೂ ಒಂದೇ ಬಾಗಿಲಿನಿಂದ. ಪುತ್ತೂರಿನ ಬಾಲವನದಲ್ಲಿ ಬಹುಕಾಲ ಬಾಳಿದ ಶಿವರಾಮ ಕಾರಂತರು ಯಕ್ಷಗಾನಕ್ಕೆ ವಯೊಲಿನ್, ಸ್ಯಾಕ್ಸಫೋನುಗಳನ್ನು ತಂದು, ಮಾತನ್ನು ಕಡಿಮೆ ಮಾಡಿ, ಹಾಡು ಕುಣಿತಗಳ ಮೇಲೆಯೇ ಪ್ರಸಂಗವನ್ನು ನಿಲ್ಲಿಸಿ ನೋಡಿದರು. ಅವರ ಪ್ರಯೋಗವನ್ನು ಎಲ್ಲರೂ ಒಪ್ಪಲಿಲ್ಲ. ಒಂದು ಕಲೆಯನ್ನು ಪ್ರೀತಿಸುವವನು ಅದನ್ನು ಮುಟ್ಟಿ ಬದಲಿಸಲೂ ಧೈರ್ಯ ಮಾಡಬಹುದೆಂಬುದನ್ನು ಮಾತ್ರ ಅವರು ತೋರಿಸಿದರು. ನಮ್ಮ ಸಂಗೀತ ಪುಸ್ತಕದ ವಿಷಯದಲ್ಲಿ ಅಷ್ಟು ಧೈರ್ಯ ಮಾಡಿದವರು ಕಡಿಮೆ.

ಸೆಮಿನರಿಯ ವಿದ್ಯಾರ್ಥಿಗಳೊಡನೆ ಎರಡು ವರ್ಷಗಳ ಹಿಂದೆ ಒಂದು ಸಣ್ಣ ಪ್ರಯತ್ನ ಮಾಡಿದೆವು. 88ನೆಯ ಕೀರ್ತನೆಯನ್ನು ಪದ್ಯಕ್ಕೆ ತಿರುಗಿಸಿ, ಭಾಗವತಿಕೆ ಕಲಿತಿದ್ದ ಒಬ್ಬ ವಿದ್ಯಾರ್ಥಿಯಿಂದ ಸಂಜೆಯ ಪ್ರಾರ್ಥನೆಯಲ್ಲಿ ಹಾಡಿಸಿದೆವು. ಉಳಿದವರು ಸುಮ್ಮನೆ ಕೇಳಬೇಕು. ಅದು ಸಫಲವಾಯಿತೆಂದು ಹೇಳಲಾರೆ. ಹುಡುಗ ಚೆನ್ನಾಗಿ ಹಾಡಿದ, ಆದರೆ ಪದ್ಯ ಗಿಡ್ಡವಾಯಿತು; ರಾಗ ಬಿಚ್ಚಿಕೊಳ್ಳುವುದರೊಳಗೆ ಮುಗಿದುಹೋಯಿತು. ಕೇಳಿದವರಲ್ಲಿ ಕೆಲವರಿಗೆ ಆಟದ ನೆನಪಾಗಿ ನಗು ಬಂತು. ಕೊನೆಯಲ್ಲಿ ಆಶೀರ್ವಾದಕ್ಕೆ ಮುಂಚೆ ಯಾರೋ ಅಭ್ಯಾಸಬಲದಿಂದ ಸಂತೋಷದ ಪಲ್ಲವಿಯೊಂದನ್ನು ಎತ್ತಿಬಿಟ್ಟರು. ಮುಂದಿನ ವರ್ಷ ಪದ್ಯವನ್ನು ಉದ್ದ ಮಾಡಿದೆವು. ಪಲ್ಲವಿಯನ್ನು ತಡೆಯಲು ಬಾಗಿಲ ಬಳಿ ಒಬ್ಬರನ್ನು ನಿಲ್ಲಿಸಬೇಕೆಂದು ತಮಾಷೆ ಮಾಡಿಕೊಂಡೆವು.

ಕಳೆದ ಮಳೆಗಾಲ ಸುಳ್ಯ ಕಡೆಯ ಒಂದು ಮನೆಗೆ ಸಮಾಧಿ ಆರಾಧನೆಗೆ ಹೋಗಿದ್ದೆ. ಸತ್ತವಳ ಮಗಳು, ಪಟ್ಟಣದಲ್ಲಿ ಕೆಲಸದಲ್ಲಿರುವವಳು, ಪೆಟ್ಟಿಗೆಯ ಪಕ್ಕ ಕುಳಿತು ತುಳುವಿನಲ್ಲಿ ತೊಡಗಿದಳು. ಅಜ್ಜಿಯಿಂದ ಕೇಳಿದ್ದಿರಬೇಕು, ಸಾಲುಗಳು ಅಲ್ಲಲ್ಲಿ ತಪ್ಪಿದವು, ತಪ್ಪಿದ ಕಡೆ ಬರಿಯ ಸ್ವರವನ್ನೇ ಎಳೆದಳು. ನಾನು ತೆರೆದಿದ್ದ ಪುಸ್ತಕವನ್ನು ಮುಚ್ಚಿ ಮೊಣಕಾಲ ಮೇಲೆ ಇಟ್ಟುಕೊಂಡೆ. ಸಭಾಸೇವಕರು ಒಮ್ಮೆ ಗಡಿಯಾರವನ್ನೂ ಒಮ್ಮೆ ನನ್ನನ್ನೂ ನೋಡಿದರು. ಹೊರಗೆ ಮಳೆ ಬಿಡುವ ಹಾಗಿರಲಿಲ್ಲ. ಸುಮಾರು ಇಪ್ಪತ್ತು ನಿಮಿಷಗಳಾದ ಮೇಲೆ ಅವಳು ತಾನಾಗಿ ನಿಲ್ಲಿಸಿ, ಮುಖ ಒರೆಸಿಕೊಂಡು, ಯಾವ ನಂಬರು ಎಂದು ಕೇಳಿದಳು. ನಾನು ನಂಬರು ಹೇಳಿದೆ.